ಅಳಿವೆಯ ಹೂಳೂ ಅನುದಾನದ ಅರ್ಜಿಯೂ

ಕರ್ನಾಟಕದ ಕರಾವಳಿಯ ಬಂದರುಗಳಲ್ಲಿ ಹೆಚ್ಚಿನವು ನದೀಮುಖಗಳಲ್ಲಿ ನೆಲೆಗೊಂಡವು. ಹೊನ್ನಾವರಕ್ಕೆ ಶರಾವತಿ, ತದಡಿಗೆ ಅಘನಾಶಿನಿ, ಮಂಗಳೂರಿನ ಹಳೆಯ ಬಂದರಿಗೆ ನೇತ್ರಾವತಿ ಮತ್ತು ಗುರುಪುರ ಹೊಳೆಗಳು, ಗಂಗೊಳ್ಳಿಗೆ ಸೌಪರ್ಣಿಕಾ, ವಾರಾಹಿ ಮೊದಲಾದ ಐದು ನದಿಗಳ ಸಂಗಮ. ಹೀಗೆ ದೋಣಿಗಳಿಗೆ ಕಡಲಿನ ಬಾಗಿಲನ್ನು ತೆರೆದುಕೊಟ್ಟ ಆ ನೀರೇ ಮಳೆಗಾಲದಲ್ಲಿ ಘಟ್ಟದ ಮಣ್ಣನ್ನು ಹೊತ್ತು ತರುವುದರಿಂದಲೂ, ಅಲೆಗಳು ದಡದುದ್ದಕ್ಕೂ ಸಾಗಿಸುವ ಹೊಯಿಗೆ ಅದರೊಡನೆ ಕೂಡಿಕೊಳ್ಳುವುದರಿಂದಲೂ, ಅಳಿವೆಯಲ್ಲಿ ವರ್ಷವರ್ಷವೂ ದಿಬ್ಬವೇಳುತ್ತದೆ. ಮಂಗಳೂರಿನ ನವಬಂದರೊಂದೇ ಮಹಾಬಂದರೆನಿಸಿ ಕೇಂದ್ರ ಸರ್ಕಾರದ ಅಧೀನದಲ್ಲಿರುವುದು. ಉಳಿದ ಕಿರುಬಂದರುಗಳ ಯೋಗಕ್ಷೇಮ ರಾಜ್ಯದ ಹೊಣೆಯಾದುದರಿಂದ, ರಾಜ್ಯದ ಬೊಕ್ಕಸ ಸಾಲದೆಡೆಯಲ್ಲಿ ಕೇಂದ್ರದ ಅನುದಾನವನ್ನು ಅಪೇಕ್ಷಿಸುವುದು ಅನಿವಾರ್ಯವಾಗುತ್ತದೆ.

ಕುಂದಾಪುರ ಸೀಮೆಯ ಅಂತಹ ಒಂದು ಬಂದರಿನ ಮೀನುಗಾರರ ಸಹಕಾರ ಸಂಘದ ಕಾರ್ಯದರ್ಶಿಯಾಗಿ ಬಹುಕಾಲ ದುಡಿದವನು ನಾನು. ಮೀನುಗಾರಿಕಾ ಬಂದರಿನ ಪ್ರಸ್ತಾವವನ್ನು ಕೇಂದ್ರದ ಮುಂದಿಡುವುದು ರಾಜ್ಯ ಸರ್ಕಾರವೇ ಹೊರತು ಸಂಘವಲ್ಲ. ಆದರೂ ಆ ಪ್ರಸ್ತಾವಕ್ಕೆ ಬೇಕಾದ ಮೂಲಸಾಮಗ್ರಿ ದಕ್ಕೆಯ ಮೇಲಲ್ಲದೆ ಬೇರೆಲ್ಲಿಯೂ ದೊರೆಯದು ಎಂಬುದನ್ನು ಅನುಭವದಿಂದ ಕಂಡುಕೊಂಡಿರುವೆನಾಗಿ, ಅದನ್ನು ಇಲ್ಲಿ ನಿವೇದಿಸಬಯಸುತ್ತೇನೆ.

ಯೋಜನೆಗಳ ಹೆಸರುಗಳು ಕಾಲಕಾಲಕ್ಕೆ ಬದಲಾಗುತ್ತವೆ. 2015ರಲ್ಲಿ ಸಾಗರಮಾಲಾ ಬಂದಿತು. 2018ರಲ್ಲಿ 7,522 ಕೋಟಿ ರೂಪಾಯಿಗಳ ಮೀನುಗಾರಿಕಾ ಮೂಲಸೌಕರ್ಯ ಅಭಿವೃದ್ಧಿ ನಿಧಿ ಸ್ಥಾಪಿತವಾಯಿತು. 2020ರಲ್ಲಿ 20,050 ಕೋಟಿಯ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಪ್ರಾರಂಭವಾಯಿತು. ಇವುಗಳಲ್ಲಿ ನಡುವಿನದು ಬಡ್ಡಿಯಲ್ಲಿ ರಿಯಾಯಿತಿ ನೀಡುವ ಸಾಲವೇ ವಿನಾ ಅನುದಾನವಲ್ಲ. ಕೊನೆಯದರಲ್ಲಿ ರಾಜ್ಯವು ಸಹಭಾಗಿಯಾಗುವ ಕಾಮಗಾರಿಗಳಿಗೆ ನಮ್ಮಂತಹ ರಾಜ್ಯಗಳಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ ಪಾಲು 40. ರಾಜ್ಯದ ಆಯವ್ಯಯದಲ್ಲಿ ಆ 40ಕ್ಕೆ ಅವಕಾಶವಾಗದ ಪ್ರಸ್ತಾವ ಎಷ್ಟೇ ಸುಂದರವಾಗಿ ಬರೆಯಲ್ಪಟ್ಟಿದ್ದರೂ ಮುಂದಡಿಯಿಡದು. ಆದಕಾರಣ ದಿಲ್ಲಿಯ ಕಡೆ ದೃಷ್ಟಿ ಹಾಯಿಸುವ ಮೊದಲು ಬೆಂಗಳೂರಿನ ಆರ್ಥಿಕ ಇಲಾಖೆಯ ಒಪ್ಪಿಗೆಯನ್ನು ವಿಚಾರಿಸುವುದು ಲೇಸು.

ನಮ್ಮ ಬಂದರಿನಿಂದ ಮೊದಲು ಹೋದ ಮನವಿಯಲ್ಲಿ ಮೀನುಗಾರರ ಸಂಕಟದ ವರ್ಣನೆ ಹೃದಯವಿದ್ರಾವಕವಾಗಿತ್ತು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದನ್ನು ಪರಿಶೀಲಿಸಿದ ಕಚೇರಿಯವರು ಕೇಳಿದುದಾದರೋ ಬೇರೆ: ಅಳಿವೆಯ ಆಳವೆಷ್ಟು, ಕಳೆದ ಮಳೆಗಾಲಕ್ಕೂ ಅದರ ಹಿಂದಿನದಕ್ಕೂ ವ್ಯತ್ಯಾಸವೆಷ್ಟು, ದಿನವಹಿ ಎಷ್ಟು ದೋಣಿಗಳು ದಕ್ಕೆಗೆ ಬರುತ್ತವೆ, ಎಷ್ಟು ಮೀನು ಇಳಿಯುತ್ತದೆ? ಈ ಪ್ರಶ್ನೆಗಳನ್ನು ಕಂಡು ನಮ್ಮಲ್ಲಿ ಹಲವರು ನೊಂದುಕೊಂಡರು. ಅವು ನ್ಯಾಯವಾದ ಪ್ರಶ್ನೆಗಳೆಂದೇ ನನ್ನ ಅಭಿಪ್ರಾಯ. ಸಾರ್ವಜನಿಕ ದ್ರವ್ಯವನ್ನು ವ್ಯಯಿಸುವವರು ಲೆಕ್ಕವನ್ನು ಕೇಳದೆ ಕೊಡಬಾರದು.

ಆಗ ನೆರವಿಗೆ ಬಂದುದು ಹಿರಿಯ ತಾಂಡೇಲರೊಬ್ಬರ ಹಳೆಯ ಪುಸ್ತಕ. ದೋಣಿಯನ್ನು ಅಳಿವೆ ದಾಟಿಸುವಾಗಲೆಲ್ಲ ಹಗ್ಗಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ಇಂತಿಷ್ಟು ಮಾರು ನೀರೆಂದು ಅವರು ಅದರಲ್ಲಿ ಗುರುತು ಹಾಕಿಕೊಂಡಿದ್ದರು. ಸರ್ವೇಕ್ಷಣೆಗೆ ಬಂದ ಎಂಜಿನಿಯರು ಅದನ್ನು ಬಹಳ ಹೊತ್ತು ಮಗುಚಿ ನೋಡಿ, ಬಹು ಗೌರವದಿಂದ, “ಯಜಮಾನರೇ, ದಿನಾಂಕವಿದೆ, ಆಳವಿದೆ, ಅಳೆದ ಗಂಟೆಯೂ ಇದ್ದಿದ್ದರೆ ಇದು ನಮಗೆ ಬಂಗಾರ,” ಎಂದರು. ಉಬ್ಬರದಲ್ಲಿ ಅಳೆದ ನೀರಿಗೂ ಇಳಿತದಲ್ಲಿ ಅಳೆದ ನೀರಿಗೂ ನಮ್ಮ ಕರಾವಳಿಯಲ್ಲಿ ಒಂದು ಮೀಟರಿಗೆ ಮಿಕ್ಕಿದ ಅಂತರ ಬೀಳಬಹುದಾದುದರಿಂದ, ವೇಳೆ ತಿಳಿದರೆ ಮಾತ್ರ ಉಬ್ಬರ-ಇಳಿತದ ಪಟ್ಟಿಯೊಡನೆ ಹೋಲಿಸಿ ನಿಜವಾದ ಆಳವನ್ನು ತೆಗೆಯಲು ಸಾಧ್ಯ. ಅಂದಿನಿಂದ ಸಂಘವು ಪ್ರತ್ಯೇಕ ದಫ್ತರವನ್ನೇ ತೆರೆಯಿತು. ಆಳದೊಡನೆ ಗಂಟೆಯನ್ನೂ, ಹುಣ್ಣಿಮೆ-ಅಮಾವಾಸ್ಯೆಗಳನ್ನೂ, ದಿಬ್ಬಕ್ಕೆ ತಾಗಿ ಮಗುಚಿದ ದೋಣಿಗಳ ವಿವರವನ್ನೂ, ಬಂಗುಡೆ, ಬೂತಾಯಿ, ಅಂಜಲುಗಳೆಂದು ವಿಂಗಡಿಸಿದ ಮೀನಿನ ತೂಕವನ್ನೂ, ಡೀಸೆಲ್ ಬಂಕಿನ ಮಾರಾಟದ ಲೆಕ್ಕವನ್ನೂ ಅದರಲ್ಲಿ ನಮೂದಿಸತೊಡಗಿದೆವು. ಎಷ್ಟು ದೋಣಿಗಳು ನಿಜವಾಗಿ ಕಡಲಿಗಿಳಿಯುತ್ತವೆಂಬುದಕ್ಕೆ ಡೀಸೆಲ್ಲಿನ ಲೆಕ್ಕಕ್ಕಿಂತ ಪ್ರಬಲವಾದ ಸಾಕ್ಷ್ಯವನ್ನು ನಾನು ಕಂಡಿಲ್ಲ.

ಎರಡನೆಯ ಪ್ರಸ್ತಾವ ಈ ದಫ್ತರದ ಬಲದಿಂದ ಹೋಯಿತು. ಮೀನುಗಾರಿಕಾ ಬಂದರುಗಳ ತಾಂತ್ರಿಕ-ಆರ್ಥಿಕ ಪರಿಶೀಲನೆಗೆಂದು 1968ರಲ್ಲಿ ಸ್ಥಾಪಿತವಾದ ಕೇಂದ್ರದ ಸಂಸ್ಥೆ ನಮ್ಮ ಬೆಂಗಳೂರಿನಲ್ಲಿಯೇ ಇರುವುದು ನಮಗೊಂದು ಅನುಕೂಲ. ಅಲೆ ತಡೆಗೋಡೆಗಳ ವಿಷಯವಾದರೋ ಇನ್ನಷ್ಟು ಸೂಕ್ಷ್ಮವಾದುದು. 1916ರಲ್ಲಿ ಸ್ಥಾಪಿತವಾಗಿ ಈಗ ಪುಣೆಯ ಸಮೀಪದ ಖಡಕ್ವಾಸ್ಲಾದಲ್ಲಿರುವ ಜಲಸಂಶೋಧನಾಲಯದಂತಹ ಕಡೆಗಳಲ್ಲಿ ಮಾದರಿಗಳನ್ನು ರಚಿಸಿ ಪರೀಕ್ಷಿಸದೆ ಅವನ್ನು ಕಟ್ಟುವುದು ಅಪಾಯಕರ. ಏಕೆಂದರೆ ದಡದುದ್ದಕ್ಕೂ ಹರಿಯುವ ಹೊಯಿಗೆಗೆ ಅಡ್ಡಗಟ್ಟಿದಾಗ ಗೋಡೆಯ ಒಂದು ಮಗ್ಗುಲಲ್ಲಿ ಅದು ಸಂಗ್ರಹವಾಗಿ, ಇನ್ನೊಂದು ಮಗ್ಗುಲಿನ ದಡ ಕೊರೆದುಹೋಗುತ್ತದೆ. ನೆರೆಯ ಗ್ರಾಮದವರ ತೆಂಗಿನ ತೋಟವನ್ನೂ ಮನೆಯಂಗಳವನ್ನೂ ಕಡಲಿಗೆ ಬಲಿಗೊಟ್ಟು ನಮ್ಮ ಅಳಿವೆಯನ್ನು ರಕ್ಷಿಸಿಕೊಳ್ಳುವುದು ಧರ್ಮವಲ್ಲ. ಕರಾವಳಿ ನಿಯಂತ್ರಣ ವಲಯದ ಅನುಮತಿಯನ್ನು ಕೆಲವರು ಕಂಟಕವೆಂದು ಜರೆಯುವುದನ್ನು ಕೇಳಿದ್ದೇನೆ. ನೆರೆಯವರ ಹಿತವನ್ನು ವಿಚಾರಿಸುವ ಆ ಏರ್ಪಾಡು ಉಳಿಯಬೇಕೆಂಬುದೇ ನನ್ನ ನಿಶ್ಚಿತವಾದ ನಿಲುವು.

ದಕ್ಕೆಯ ವಿಸ್ತರಣೆಗೂ ಹರಾಜು ಪ್ರಾಂಗಣಕ್ಕೂ ಮಂಜೂರಾತಿ ಬಂದಿತು. ತಡೆಗೋಡೆಯ ವಿಚಾರ ಇಂದಿಗೂ ಅಧ್ಯಯನದಲ್ಲಿದೆ. ಪ್ರಾಂಗಣದ ನಕ್ಷೆಯನ್ನು ಒಪ್ಪುವ ಮುನ್ನ, ಮೀನು ಮಾರುವ ಹೆಂಗಸರನ್ನು ಸಭೆಗೆ ಕರೆಯಬೇಕೆಂದು ನಾನು ಒತ್ತಾಯಿಸಿದ್ದೆ. ಬೆಳಗಿನ ಜಾವಕ್ಕೆ ದಕ್ಕೆಗೆ ಬಂದು ಮಧ್ಯಾಹ್ನದವರೆಗೆ ಬುಟ್ಟಿಯೊಡನೆ ನಿಲ್ಲುವ ಅವರು ಕೇಳಿದುದು ಶೌಚಗೃಹ, ಸಿಹಿನೀರಿನ ನಳ್ಳಿ, ಮಂಜುಗಡ್ಡೆ ಇಡಲು ನೆರಳಿರುವ ಕಟ್ಟೆ, ಇಷ್ಟನ್ನೇ. ಕೋಟಿಗಳ ಅಂದಾಜುಪಟ್ಟಿಯಲ್ಲಿ ಈ ಬಾಬುಗಳ ಮೊತ್ತ ಅತ್ಯಲ್ಪ. ಆದರೆ ನಕ್ಷೆಯಲ್ಲಿ ಮೊದಲೇ ಸೇರದಿದ್ದರೆ, ಕಾಮಗಾರಿ ಮುಗಿದ ಮೇಲೆ ಅವಕ್ಕೆ ಹಣವನ್ನು ಹೊಂದಿಸುವುದು ದುಸ್ಸಾಧ್ಯ. ಸದ್ಯ ಆ ಕಟ್ಟೆಯೂ ನಳ್ಳಿಯೂ ಬಳಕೆಯಲ್ಲಿವೆ.

ಅನುದಾನವು ಕಲ್ಲು-ಸಿಮೆಂಟಿಗೆ ಸುಲಭವಾಗಿ ದೊರೆಯುತ್ತದೆ. ಅದರ ಅನಂತರದ ಪಾಲನೆಗೆ ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಹೂಳನ್ನು ಒಮ್ಮೆ ಎತ್ತಿದರೆ ಮುಂದಿನ ಮಳೆಗಾಲ ಮತ್ತೆ ತುಂಬುವುದು ನಿಶ್ಚಯವಾದುದರಿಂದ, ಆ ಖರ್ಚನ್ನು ಯಾರು ಯಾವ ಆದಾಯದಿಂದ ವಹಿಸತಕ್ಕದ್ದು ಎಂಬುದನ್ನು ಪ್ರಸ್ತಾವದಲ್ಲಿಯೇ ಲಿಖಿತವಾಗಿ ನಿರ್ಧರಿಸಿಕೊಂಡ ಬಂದರು ಮಾತ್ರ ಬಾಳುತ್ತದೆ. ನಮ್ಮ ಸಂಘವು ಹರಾಜಿನ ಶುಲ್ಕದ ಒಂದಂಶವನ್ನು ಇದಕ್ಕಾಗಿ ಮೀಸಲಿರಿಸಲು ಒಪ್ಪಿದುದು ಪರಿಶೀಲಕರ ಮೇಲೆ ಉಳಿದೆಲ್ಲ ವಾದಗಳಿಗಿಂತ ಹೆಚ್ಚಿನ ಪರಿಣಾಮ ಮಾಡಿತೆಂದು ನಂಬಿದ್ದೇನೆ.

ಕರಾವಳಿಯ ಎಲ್ಲ ಮೀನುಗಾರ ಸಂಘಗಳವರಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ಜೂನ್ ಒಂದರಿಂದ ಮೀನುಗಾರಿಕೆಯ ನಿಷೇಧ ಆರಂಭವಾಗುವ ಮುನ್ನ ಒಂದು ಸಲ, ಆಗಸ್ಟಿನಲ್ಲಿ ದೋಣಿಗಳು ಮರಳಿ ಇಳಿದೊಡನೆ ಇನ್ನೊಂದು ಸಲ, ತಮ್ಮ ಅಳಿವೆಯ ಆಳವನ್ನಳೆದು, ದಿನಾಂಕ ಮತ್ತು ಗಂಟೆಯ ಸಮೇತ ಬರೆದಿಟ್ಟು, ಅದರ ಪ್ರತಿಯನ್ನು ಮೀನುಗಾರಿಕಾ ಇಲಾಖೆಯ ಕಚೇರಿಗೆ ಸಲ್ಲಿಸಿ ಸ್ವೀಕೃತಿ ಪಡೆದಿರಬೇಕು; ಯಾವ ಯೋಜನೆಯೂ ಘೋಷಿತವಾಗದ ವರ್ಷದಲ್ಲಿಯೂ ಇದನ್ನು ಬಿಡಬಾರದು.