ಗಡಿಯಲ್ಲಿ ಮಡಿದ ಮಗನಿಗೆ ಎಡೆ ಯಾವ ದಿನ?

ಪ್ರಶ್ನೆ: ನನ್ನ ಮಗ ಮಿಲಿಟ್ರಿಯೊಳಗ ಇದ್ದ. ಎರಡು ವರ್ಷದ ಹಿಂದ ಗಡಿಯಾಗ ಗುಂಡು ಬಡದು ತೀರಿಕೊಂಡ. ಮಾನಾಮಿ ಅಮಾಸಿಗಿ ನಾವು ಹಿರೇರಿಗಿ ಎಡಿ ಹಿಡಿತೀವಿ. ಆ ಸಾಲಿನಾಗ ಮಗನ ಎಡಿ ಇಡ್ಲಕ್ಕ ಕೈ ಬರವಲ್ದು. ಓಣ್ಯಾಗಿನವರು ‘ದುರ್ಮರಣ ಆಗ್ಯದ, ನಾರಾಯಣ ಬಲಿ ಮಾಡಸ್ರಿ, ಇಲ್ಲಂದ್ರ ಜೀವ ತಿರಗತದ’ ಅಂತಾರ. ಸೊಸಿಗೆ ಪೂಜಾದ ಕಡಿ ಬರಬ್ಯಾಡ ಅಂತಾರ. ಮೊಮ್ಮಗ ಐದು ವರ್ಷದಾವ. ಏನ್ ಮಾಡ್ಬೇಕ್ರಿ?
– ಒಬ್ಬ ತಾಯಿ, ಶಹಾಪುರ

ಉತ್ತರ: ಅವ್ವಾ, ಮೊದಲು ಓಣಿಯವರ ಮಾತಿಗೆ ಬರೋಣ. ನಾರಾಯಣ ಬಲಿ ಆತ್ಮಹತ್ಯೆಯಂಥ ದುರ್ಮರಣಗಳಿಗೆ ಹೇಳಿದ ವಿಧಿ. ರಣದಲ್ಲಿ ಆಯುಧದಿಂದ ಮಡಿದವನ ಯಜ್ಞ ಆ ಕ್ಷಣಕ್ಕೇ ಪೂರ್ತಿಯಾಯಿತು, ಸೂತಕವೂ ಅಲ್ಲಿಗೇ ಕಳೆಯಿತು ಎನ್ನುತ್ತದೆ ಮನುಸ್ಮೃತಿಯ ಐದನೆಯ ಅಧ್ಯಾಯ. ಹಳೆಯ ವೀರಗಲ್ಲು ನೋಡಿದ್ದೀರಲ್ಲ? ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಎದುರು ಕೈಮುಗಿದ ಅದೇ ವೀರ. ಜೀವ ತಿರುಗುತ್ತದೆ ಎಂದು ನಂಬಿದವರು ಆ ಮೇಲಿನ ಪಟ್ಟಿಕೆ ಕೆತ್ತಿಸುತ್ತಿರಲಿಲ್ಲ. 1858ರಲ್ಲಿ ಇಂಗ್ರೇಜಿ ದಂಡಿಗೆ ಎದುರು ನಿಂತು, ಸೆರೆಯಾಗಿ, ಅದೇ ವರ್ಷ ತೀರಿಕೊಂಡ ಸುರಪುರದ ರಾಜಾ ವೆಂಕಟಪ್ಪ ನಾಯಕರ ಹೆಸರನ್ನು ನಿಮ್ಮ ಸೀಮೆಯವರು ಅಂಜಿಕೊಂಡು ಹೇಳುತ್ತಾರೇನು?

ಇನ್ನು ಎಡೆಯ ಮಾತು. ನಿಮ್ಮ ಕೈ ಹಿಂದೆಗೆದದ್ದು ತಪ್ಪಲ್ಲ, ಅವನಿಗೆ ಬೇರೆ ದಿನವೇ ಇದೆ. ಮಹಾಲಯ ಪಕ್ಷದ ಚತುರ್ದಶಿ, ಅಂದರೆ ಮಾನಾಮಿ ಅಮಾಸಿಯ ಹಿಂದಿನ ದಿನ, ಶಸ್ತ್ರದಿಂದ ಸತ್ತವರಿಗೆಂದೇ ಮೀಸಲು. ಯಾಜ್ಞವಲ್ಕ್ಯ ಸ್ಮೃತಿಯಲ್ಲೇ ಈ ವಿಧಿ ಇದೆ. ಘಾತ ಚತುರ್ದಶಿ ಎಂದು ಕರೆಯುವುದು ಇದನ್ನೇ. ಆ ದಿನದ ಶ್ರಾದ್ಧ ಏಕೋದ್ದಿಷ್ಟ: ಅವನೊಬ್ಬನ ಹೆಸರು, ಒಂದೇ ಪಿಂಡ. ಪುರೋಹಿತರು ಸಿಗದಿದ್ದರೆ ನಿಮ್ಮ ರೂಢಿಯಂತೆ ಒಂದೇ ಎಡೆ ಹಿಡಿದು, ಎಳ್ಳು ನೀರು ಬಿಡ್ರಿ. ಭೀಮೆಗೋ, ತಿಂಥಣಿಯ ಕೃಷ್ಣೆಗೋ ಹೋದರೆ ಒಳ್ಳೆಯದು, ಮನೆಯಲ್ಲಾದರೂ ನಡೆಯುತ್ತದೆ. ಅಡುಗೆ ಅವನಿಗೆ ಸೇರುತ್ತಿದ್ದುದೇ ಇರಲಿ. ಮರುದಿನ ಹಿರಿಯರ ಎಡೆ ಎಂದಿನಂತೆ. ಆದರೆ ಅವನು ತೀರಿಕೊಂಡ ತಿಥಿಯ ವಾರ್ಷಿಕವನ್ನು ಬಿಡಬೇಡಿ. ಚತುರ್ದಶಿ ಅದಕ್ಕೆ ಬದಲಿ ಅಲ್ಲ.

ನೀರು ಬಿಡುವವನು ಮೊಮ್ಮಗ. ಮುಂಜಿಯಾಗದ ಮಗನಿಗೂ ತಂದೆಯ ಈ ಕರ್ಮಕ್ಕೆ ಅಧಿಕಾರ ಉಂಟು. ಕೂಸಿಗೆ ಬೊಗಸೆ ಹಿಡಿಯಲು ಬಾರದಲ್ಲ, ಅದಕ್ಕೆ ತಾಯಿಯೇ ಪಕ್ಕದಲ್ಲಿ ಕೂತು ಅವನ ಕೈ ಹಿಡಿಯಲಿ. ಗಂಡನ ಶ್ರಾದ್ಧಕ್ಕೆ ಹೆಂಡತಿ ಬರಬಾರದು ಎನ್ನುವುದು ಯಾವ ಶಾಸ್ತ್ರ? ಗಂಡುಮಕ್ಕಳಿಲ್ಲದಿದ್ದರೆ ಆಕೆಯೇ ಕರ್ತೃ ಆಗಬಹುದು. ಕುಂಕುಮ, ಬಳೆ ಇಟ್ಟುಕೊಳ್ಳುವುದು ಬಿಡುವುದು ಆಕೆಯ ಮನಸ್ಸಿಗೆ ಬಿಟ್ಟದ್ದು. ನೀವು ಅತ್ತೆ, ನೀವೇ ಕರೆದು ಕೂಡಿಸಿದರೆ ಓಣಿಯ ಬಾಯಿ ಮುಚ್ಚುತ್ತದೆ.

ನೀವು ಕೇಳದ ಒಂದು ಮಾತು. ‘ವೀರನ ತಾಯಿ ಅಳಬಾರದು’ ಎಂದು ಹೇಳುವವರು ಬಂದೇ ಬಂದಿರುತ್ತಾರೆ. ಮಹಾಭಾರತದ ಸ್ತ್ರೀಪರ್ವ ನೋಡಿ: ಮೊದಲು ಗಾಂಧಾರಿ ಮತ್ತು ಹೆಣ್ಣುಮಕ್ಕಳು ರಣದಲ್ಲಿ ನಿಂತು ಅಳುತ್ತಾರೆ, ಆಮೇಲೆ ಗಂಗೆಯಲ್ಲಿ ತರ್ಪಣ. ವ್ಯಾಸರು ಈ ಕ್ರಮ ಬದಲಿಸಲಿಲ್ಲ. ಅಷ್ಟು ವರ್ಷ ಬಾಯಿ ಬಿಡದ ಕುಂತಿ, ಕರ್ಣ ನನ್ನ ಮಗ, ಅವನಿಗೂ ನೀರು ಬಿಡಿ ಎಂದದ್ದು ಆ ದಂಡೆಯಲ್ಲೇ. ಎಡೆ ಹಿಡಿಯುವಾಗ ಕಣ್ಣೀರು ಬಂದರೆ ತಡೆಯಬೇಡಿ ಅವ್ವಾ, ಒರೆಸಿಕೊಂಡು ಮುಂದುವರಿಸಿ.

ಶ್ರಾದ್ಧದ ರೂಢಿ ಇಲ್ಲದ ಲಿಂಗಾಯತ ಮನೆಗಳವರು ಇದನ್ನು ಓದಿ ಗೊಂದಲ ಮಾಡಿಕೊಳ್ಳುವುದು ಬೇಡ. ಸಮಾಧಿಗೆ ಪತ್ರಿ, ವಿಭೂತಿ ಏರಿಸಿ ಜಂಗಮರಿಗೆ ಪ್ರಸಾದ ಮಾಡಿಸುವ ತಮ್ಮ ಪದ್ಧತಿಯಂತೆಯೇ ನಡೆಯಲಿ.