ಲೋಪವಾದ ಒಂದು ಪದ: ಬೋಟ್ಸ್ವಾನದಲ್ಲಿ ಸ್ತ್ರೀಯರ ಹಕ್ಕು

ಶಾಸ್ತ್ರವಾಕ್ಯದಲ್ಲಿ ಹೇಳದೆ ಬಿಟ್ಟ ಪದಕ್ಕೂ ಹೇಳಿದ ಪದದಷ್ಟೇ ಬೆಲೆಯುಂಟೆಂಬುದನ್ನು ವ್ಯಾಕರಣ ಮೀಮಾಂಸೆಗಳಲ್ಲಿ ಪರಿಶ್ರಮವುಳ್ಳವರು ಬಲ್ಲರು. ಹಾಗೆ ಬಿಟ್ಟುಹೋದ ಒಂದೇ ಒಂದು ಪದ ಆಫ್ರಿಕಾ ಖಂಡದ ದಕ್ಷಿಣಭಾಗದ ಬೋಟ್ಸ್ವಾನ ದೇಶದಲ್ಲಿ ಸ್ತ್ರೀಯರ ಸ್ಥಾನಮಾನದ ಪ್ರಶ್ನೆಯನ್ನೇ ನ್ಯಾಯಪೀಠದ ಮುಂದೆ ತಂದು ನಿಲ್ಲಿಸಿತು. ಆಫ್ರಿಕಾದ ಸ್ತ್ರೀಯರ ಅವಸ್ಥೆಯನ್ನು ಇಡೀ ಖಂಡಕ್ಕೆ ಅನ್ವಯಿಸಿ ಒಂದೇ ಉಸಿರಿನಲ್ಲಿ ಹೇಳಿಬಿಡುವ ವಾಡಿಕೆಯುಂಟು. ಐವತ್ತಕ್ಕೂ ಮಿಕ್ಕ ರಾಷ್ಟ್ರಗಳಿರುವ ಭೂಖಂಡಕ್ಕೆ ಅದು ನ್ಯಾಯವಲ್ಲ. ಒಂದು ನಾಡನ್ನು ಹಿಡಿದು ಪರಿಶೀಲಿಸುವುದೇ ಲೇಸು.

ಬೋಟ್ಸ್ವಾನವು 1966ರ ಸೆಪ್ಟೆಂಬರ್ 30ರಂದು ಬ್ರಿಟಿಷರ ಆಧಿಪತ್ಯದಿಂದ ಬಿಡುಗಡೆ ಹೊಂದಿತು. ದೇಶದ ಬಹುಭಾಗ ಕಲಹಾರಿಯ ಮರಳುಭೂಮಿ; ದನಕರುಗಳೇ ಪರಂಪರೆಯ ಸಂಪತ್ತು. ವಿವಾಹದಲ್ಲಿ ವರನ ಕಡೆಯವರು ವಧುವಿನ ಮನೆಯವರಿಗೆ ಗೋವುಗಳನ್ನು ಕೊಡುವ ‘ಬೊಗಾದಿ’ ಎಂಬ ಪದ್ಧತಿ ಅಲ್ಲಿಯದು. ‘ಖೋಟ್ಲ’ ಎಂಬ ಗ್ರಾಮಸಭೆಯಲ್ಲಿ ವ್ಯಾಜ್ಯಗಳ ತೀರ್ಮಾನವಾಗುತ್ತಿದ್ದು, ಹಿಂದೆ ಅಲ್ಲಿ ಪುರುಷರದೇ ಮಾತು. ಆದರೆ ಆ ಜನರ ಸೆಟ್ಸ್ವಾನ ಭಾಷೆಯಲ್ಲಿ ಕನ್ನಡದ ‘ಅವನು’, ‘ಅವಳು’ ಎಂಬ ಭೇದವಿಲ್ಲವೆಂಬುದು ಕುತೂಹಲಕರ. ‘ಮೊನ್ನ’ ಎಂದರೆ ಗಂಡಸು, ‘ಮೊಸಾದಿ’ ಎಂದರೆ ಹೆಂಗಸು; ಬಹುವಚನದಲ್ಲಿ ‘ಬನ್ನ’, ‘ಬಸಾದಿ’. ಎರಡೂ ಒಂದೇ ನಾಮವರ್ಗಕ್ಕೆ ಸೇರಿ, ಎರಡಕ್ಕೂ ಒಂದೇ ಸರ್ವನಾಮ ಸಲ್ಲುತ್ತದೆ. ನುಡಿಯಲ್ಲಿಲ್ಲದ ಭೇದ ನಡೆಯಲ್ಲಿ ಬೇರೂರಿತ್ತು! ಭಾಷೆಯೊಂದರಿಂದಲೇ ಸಮಾಜವನ್ನು ಊಹಿಸುವ ಪಂಡಿತರು ಇದನ್ನು ಗಮನಿಸತಕ್ಕದ್ದು.

ಇಂಥ ನಾಡಿನಲ್ಲಿ 1959ರಲ್ಲಿ ಜನಿಸಿದ ಯೂನಿಟಿ ಡೌ ಎಂಬಾಕೆ ನ್ಯಾಯಶಾಸ್ತ್ರವನ್ನು ಓದಿ ವಕೀಲೆಯಾದಳು. 1984ರಲ್ಲಿ ಅಮೆರಿಕದ ಪ್ರಜೆಯೊಬ್ಬನನ್ನು ವಿವಾಹವಾದಳು. ಆಕೆಗೆ ಮೂವರು ಮಕ್ಕಳು. ಮೊದಲನೆಯದು ವಿವಾಹಪೂರ್ವದಲ್ಲಿ, ಉಳಿದೆರಡು ವಿವಾಹಾನಂತರ ಜನಿಸಿದವು. ಅಂದಿನ ಪೌರತ್ವ ಶಾಸನದಂತೆ ವಿವಾಹದೊಳಗೆ ಹುಟ್ಟಿದ ಮಗುವಿಗೆ ತಂದೆಯ ಪೌರತ್ವವೇ ಪ್ರಮಾಣ. ವಿವಾಹದ ಹೊರಗೆ ಹುಟ್ಟಿದ್ದಕ್ಕೆ ಮಾತ್ರ ತಾಯಿಯದು. ಇದರ ಫಲವಾಗಿ ಒಂದೇ ತಾಯಿಯ ಹಿರಿಯ ಮಗು ಸ್ವದೇಶಿಯೆನಿಸಿತು. ವಿಧಿವತ್ತಾಗಿ ಮದುವೆಯಾದ ಮೇಲೆ ಅದೇ ನೆಲದಲ್ಲಿ ಹುಟ್ಟಿದ ಕಿರಿಯವೆರಡು ಪರದೇಶಿಗಳೆನಿಸಿ, ತಂದೆಯ ವಾಸಪರವಾನಗಿಯ ಆಶ್ರಯದಲ್ಲಿ ತಾಯಿಯ ನಾಡಿನಲ್ಲಿರಬೇಕಾಯಿತು. ಬೋಟ್ಸ್ವಾನದ ಪುರುಷನು ವಿದೇಶಿ ಸ್ತ್ರೀಯನ್ನು ವರಿಸಿದ್ದರೆ ಈ ತೊಡಕೇ ಇರುತ್ತಿರಲಿಲ್ಲ. ಯೂನಿಟಿ ಡೌ ಸರ್ಕಾರದ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದಳು.

ಲೋಪವಾದ ಪದದ ಚರ್ಚೆ ಬಂದುದು ಇಲ್ಲಿ. ದೇಶದ ಸಂವಿಧಾನದ 3ನೆಯ ವಿಧಿಯು ಜನಾಂಗ, ಜನ್ಮಸ್ಥಳ, ರಾಜಕೀಯ ಅಭಿಪ್ರಾಯ, ವರ್ಣ, ಮತ, ಲಿಂಗ ಯಾವುದೇ ಇರಲಿ, ಪ್ರತಿಯೊಬ್ಬರಿಗೂ ಮೂಲಭೂತ ಹಕ್ಕುಗಳುಂಟೆಂದು ಸಾರುತ್ತಿತ್ತು. ತಾರತಮ್ಯವೆಂದರೇನೆಂದು ಲಕ್ಷಣ ಹೇಳುವ 15ನೆಯ ವಿಧಿಯ ಪಟ್ಟಿಯಲ್ಲಿಯಾದರೋ ‘ಲಿಂಗ’ ಎಂಬ ಪದವಿರಲಿಲ್ಲ. ಅದು ಮರೆವಲ್ಲ, ಬುದ್ಧಿಪೂರ್ವಕವಾಗಿ ಬಿಟ್ಟದ್ದು. ಬೋಟ್ಸ್ವಾನದ ಸಮಾಜ ಪಿತೃಪ್ರಧಾನವಾದುದು, ಅದರ ಸಂಪ್ರದಾಯವೆಲ್ಲ ಆ ತಳಹದಿಯ ಮೇಲೆಯೇ ನಿಂತಿದೆ ಎಂದು ಸರ್ಕಾರ ವಾದಿಸಿತು. ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ ಸರ್ಕಾರ ಆ ಪಟ್ಟಿಯನ್ನು ಪರಿಸಂಖ್ಯೆಯೆಂದು ಓದಿತು: ಹೇಳಿದ್ದಿಷ್ಟೇ, ಉಳಿದದ್ದಕ್ಕೆ ಎಡೆಯಿಲ್ಲ. ಆಕೆಯ ವಾದ ಅದು ಉಪಲಕ್ಷಣವೆಂಬುದಾಗಿತ್ತು. ಕಾಗೆ ಮುಟ್ಟದಂತೆ ಮೊಸರನ್ನು ಕಾಯೆಂದು ಹೇಳಿಸಿಕೊಂಡವನು ಬೆಕ್ಕು ಬಂದಾಗ ಸುಮ್ಮನೆ ಕುಳಿತರೆ ಆಜ್ಞೆಯನ್ನು ಪಾಲಿಸಿದಂತಾಗುವುದೆ? ಕಾಗೆಯೆಂಬುದು ಮೊಸರನ್ನು ಕೆಡಿಸುವ ಎಲ್ಲದಕ್ಕೂ ಗುರುತು.

1991ರಲ್ಲಿ ಉಚ್ಚ ನ್ಯಾಯಾಲಯ ಆಕೆಯ ಪರವಾಗಿ ತೀರ್ಪಿತ್ತಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. 1992ರ ಜುಲೈನಲ್ಲಿ ಐವರು ನ್ಯಾಯಾಧೀಶರ ಪೀಠ ಮೂವರ ಬಹುಮತದಿಂದ ಅದನ್ನೇ ಎತ್ತಿಹಿಡಿಯಿತು. 15ನೆಯ ವಿಧಿಯ ಪಟ್ಟಿ ನಿದರ್ಶನಮಾತ್ರ, 3ನೆಯ ವಿಧಿಯೇ ಪ್ರಧಾನವಾಕ್ಯ ಎಂಬುದು ಬಹುಮತದ ನಿರ್ಣಯದ ಸಾರ. ಪೀಠದ ಅಧ್ಯಕ್ಷರಾಗಿದ್ದ ಘಾನಾ ದೇಶದ ಆಸ್ಟಿನ್ ಅಮಿಸ್ಸಾ ಅವರೂ, ನೈಜೀರಿಯದ ಅಗುಡಾ ಅವರೂ, ನೆಲ್ಸನ್ ಮಂಡೇಲಾರ ಪರ ವಾದಿಸಿದ್ದ ಜಾರ್ಜ್ ಬಿಜೋಸ್ ಅವರೂ ಬಹುಮತದವರು. ಭಿನ್ನಮತ ತಾಳಿದ ಇಬ್ಬರು ಪದವಿಲ್ಲದೆಡೆ ನ್ಯಾಯಾಲಯ ಪದವನ್ನು ತುಂಬಬಾರದೆಂಬ ಪಕ್ಷದವರು. ಅದೂ ಹಗುರವಾದ ಪಕ್ಷವೇನಲ್ಲ; ಅಧ್ಯಾಹಾರಕ್ಕೆ ಮೇರೆಯಿಲ್ಲದಿದ್ದರೆ ಯಾವ ವಾಕ್ಯದಿಂದ ಯಾವ ಅರ್ಥವನ್ನಾದರೂ ಹೊರಡಿಸಬಹುದು. ಆದರೆ ಮೂಲವಾಕ್ಯದಲ್ಲಿ ಪದವು ಸ್ಪಷ್ಟವಾಗಿರುವಾಗ ವಿವರಣವಾಕ್ಯದ ಮೌನದಿಂದ ಅದನ್ನು ಅಳಿಸುವುದು ಅದಕ್ಕಿಂತ ದೊಡ್ಡ ದೋಷ.

ತೀರ್ಪಿಗೆ ತಕ್ಕಂತೆ ಶಾಸನ ತಿದ್ದುಪಡಿಯಾಗಲು 1995ರವರೆಗೆ ಕಾಯಬೇಕಾಯಿತು. ಯೂನಿಟಿ ಡೌ ಒಂಟಿಯಾಗಿ ಹೋರಾಡಿದವಳೆಂದು ಭಾವಿಸಬೇಕಾಗಿಲ್ಲ. 1986ರಲ್ಲಿಯೇ ಹುಟ್ಟಿದ ‘ಎಮಾಂಗ್ ಬಸಾದಿ’ ಎಂಬ ಸಂಘವು ಇಂಥ ಶಾಸನಗಳ ವಿರುದ್ಧ ಸ್ತ್ರೀಯರನ್ನು ಸಂಘಟಿಸುತ್ತಿತ್ತು. ‘ಸ್ತ್ರೀಯರೆ, ಎದ್ದು ನಿಲ್ಲಿ’ ಎಂದು ಅದರ ಅರ್ಥ. ಆ ಹೆಸರನ್ನು ಅವರು ಆರಿಸಿಕೊಂಡುದು ತಮ್ಮ ರಾಷ್ಟ್ರಗೀತೆಯಿಂದ. ಮುಂದೆ 1998ರಲ್ಲಿ ಡೌ ಅದೇ ಉಚ್ಚ ನ್ಯಾಯಾಲಯದ ಪ್ರಥಮ ಮಹಿಳಾ ನ್ಯಾಯಾಧೀಶೆಯಾದಳು, ಕಾದಂಬರಿಗಳನ್ನೂ ಬರೆದಳು. 2004ರ ಶಾಸನ ಹೆಂಡತಿಯ ಮೇಲೆ ಗಂಡನಿಗಿದ್ದ ವೈವಾಹಿಕ ಅಧಿಕಾರವನ್ನು ರದ್ದುಗೊಳಿಸಿತಾದರೂ ಸಂಪ್ರದಾಯರೀತಿಯ ವಿವಾಹಗಳಿಗೆ ಅದು ತಟ್ಟಲಿಲ್ಲ. 2005ರಲ್ಲಿ 15ನೆಯ ವಿಧಿಗೆ ‘ಲಿಂಗ’ ಎಂಬ ಪದ ಕೊನೆಗೂ ಸೇರಿತು.

ಪದ ಸೇರಿದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ. ವಿವಾಹ, ವಿಚ್ಛೇದನ, ಶವಸಂಸ್ಕಾರ, ಮರಣಾನಂತರದ ಆಸ್ತಿಹಂಚಿಕೆಗಳಿಗೆ ತಾರತಮ್ಯನಿಷೇಧ ಅನ್ವಯಿಸದೆಂಬ ಅಪವಾದವಾಕ್ಯ ಅದೇ ವಿಧಿಯಲ್ಲಿ ಹಾಗೆಯೇ ಉಳಿದಿತ್ತು. ಅಂದರೆ ಸ್ತ್ರೀಗೆ ಸಮಾನತೆ ಎಲ್ಲಿ ಹೆಚ್ಚು ಬೇಕೋ ಅಲ್ಲಿಯೇ ಬಾಗಿಲು ಮುಚ್ಚಿತ್ತು! ನೆರೆಯ ಜಿಂಬಾಬ್ವೆಯ ಸಂವಿಧಾನದಲ್ಲಿಯೂ ಇಂಥದೇ ವಾಕ್ಯವಿದ್ದು, ಅದನ್ನು ಆಧರಿಸಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ಹಿರಿಯ ಮಗಳನ್ನು ಬದಿಗಿಟ್ಟು ಮಗನಿಗೆ ದಾಯಾಧಿಕಾರವನ್ನು ಕೊಟ್ಟಿತು. 2013ರ ಹೊಸ ಸಂವಿಧಾನ ಬರುವತನಕ ಅಲ್ಲಿ ಆ ವಾಕ್ಯದ ಆಳ್ವಿಕೆ ನಡೆಯಿತು.

ಬೋಟ್ಸ್ವಾನದಲ್ಲಿ ಈ ಬಾಗಿಲನ್ನು ತಟ್ಟಿದವರು ಕಾನೂನು ಬಲ್ಲವರಲ್ಲ. ವಯಸ್ಸಾದ ನಾಲ್ವರು ಅಕ್ಕತಂಗಿಯರು. ತಂದೆಯ ಮನೆಯನ್ನು ತಮ್ಮ ಹಣದಿಂದ ದುರಸ್ತಿಮಾಡಿಸಿ ಕಾಪಾಡಿಕೊಂಡು ಬಂದವರು ಅವರು. ಬಂಗ್ವಾಕೆಟ್ಸೆ ಸಮುದಾಯದ ಸಂಪ್ರದಾಯದಂತೆ ಕುಟುಂಬದ ಮನೆ ಕಿರಿಯ ಮಗನಿಗೆ ಸಲ್ಲತಕ್ಕದ್ದು, ಆ ಹಕ್ಕು ತನ್ನ ತಂದೆಯ ಮೂಲಕ ತನಗೆ ಬಂದಿದೆ ಎಂದು ಅವರ ಸಹೋದರನ ಮಗನೊಬ್ಬನು ಮುಂದೆ ಬಂದನು. ಸಾಂಪ್ರದಾಯಿಕ ನ್ಯಾಯಾಲಯಗಳನ್ನು ದಾಟಿ ವ್ಯಾಜ್ಯ ಉಚ್ಚ ನ್ಯಾಯಾಲಯವನ್ನು ಮುಟ್ಟಿತು. ಸಮಾನತೆಗೆ ಸಮಾಜ ಇನ್ನೂ ಸಿದ್ಧವಾಗಿಲ್ಲವೆಂಬ ವಾದವೂ ಸರ್ಕಾರದ ಕಡೆಯಿಂದ ಕೇಳಿಬಂದಿತು. ನ್ಯಾಯಮೂರ್ತಿ ಡಿಂಗಾಕೆ ಅವರು ಅದನ್ನು ಒಪ್ಪದೆ 2012ರ ಅಕ್ಟೋಬರ್‌ನಲ್ಲಿ ಸೋದರಿಯರ ಪರ ತೀರ್ಪಿತ್ತರು. 2013ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿಯ ಪೀಠವೂ ಸಂಪ್ರದಾಯವೆಂಬುದು ನಿಂತ ನೀರಲ್ಲ, ಕಾಲದೊಡನೆ ಬದಲಾಗುವಂಥದು. ಹೆಣ್ಣೆಂಬ ಕಾರಣಕ್ಕೆ ದಾಯಹಕ್ಕನ್ನು ತಪ್ಪಿಸಲಾಗದು ಎಂದು ನಿರ್ಣಯಿಸಿತು. ಸೋದರಿಯರಲ್ಲಿ ಹಿರಿಯಳಿಗೆ ಆಗ ಎಂಬತ್ತರ ಪ್ರಾಯ. ಮನೆ ಅವರಿಗೇ ಉಳಿಯಿತು.