ಹಸಿ ಕಸದ ಡಬ್ಬಿ, ರಸೀದಿ ಇಲ್ಲದ ದಂಡ

ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ನನ್ನ ಕಚೇರಿಗೆ ವಯಸ್ಸಾದ ತಾಯಿಯೊಬ್ಬರು ಬಂದಿದ್ದರು. ಹಸಿ ಕಸದ ಡಬ್ಬಿ ನಾರುತ್ತದೆಂದು ಉಳಿದ ಅನ್ನ, ತರಕಾರಿ ಸಿಪ್ಪೆ, ಮೀನಿನ ಮುಳ್ಳು ಎಲ್ಲವನ್ನೂ ಪ್ಲಾಸ್ಟಿಕ್ ಕವರ್‌ನಲ್ಲಿ ಗಂಟು ಕಟ್ಟಿ ಗಾಡಿಗೆ ಕೊಡುತ್ತಿದ್ದರಂತೆ. ಆರು ತಿಂಗಳಲ್ಲಿ ಮೂರು ಸಲ ದಂಡ ತೆತ್ತಿದ್ದರು. ಒಂದಕ್ಕೂ ರಸೀದಿ ಇಲ್ಲ. "ಕೇಳಿದರೆ ಕೇಸ್ ಹಾಕ್ತಾರೇನೋ ಅಂತ ಸುಮ್ಮನಾದೆ ಸಾರ್" ಎಂದರು. ಈ ಭಯವನ್ನೇ ಬಂಡವಾಳ ಮಾಡಿಕೊಂಡವರನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಮನೆಗಳಿಗೆ ಎರಡು ಡಬ್ಬಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು. ಹಸಿರು ಡಬ್ಬಿಗೆ ಹಸಿ ಕಸ, ಕೆಂಪು ಡಬ್ಬಿಗೆ ಪ್ಯಾಡ್, ಡೈಪರ್‌ನಂಥವು, ಚೀಲಕ್ಕೆ ಒಣ ಕಸ. ಮರುವರ್ಷ ಬಂದ ಕೇಂದ್ರದ ನಿಯಮಗಳು ಬೇರ್ಪಡಿಸುವ ಹೊಣೆಯನ್ನು ಮನೆಯವರಿಗೂ, ಬಾಗಿಲಿಗೆ ಬಂದು ಒಯ್ಯುವ ಹೊಣೆಯನ್ನು ಸ್ಥಳೀಯ ಸಂಸ್ಥೆಗೂ ಹೊರಿಸಿದವು.

ಈ ನಿಯಮಗಳ ಹೆಸರಿನಲ್ಲಿ ಮೋಸಹೋಗದಿರಲು ನಾಲ್ಕು ಸಂಗತಿ ನೆನಪಿಡಿ. ಒಂದು: ಡಬ್ಬಿ. ಜನ ಸಿಕ್ಕಿಬೀಳುವುದು ಇಲ್ಲೇ. ವಾಸನೆ ಬಾರದಿರಲೆಂದು ಹಾಕಿದ ಕವರ್‌ನಿಂದಲೇ ನಿಮ್ಮ ಹಸಿ ಕಸ 'ಮಿಶ್ರ ಕಸ' ಆಗುತ್ತದೆ. ದಂಡಕ್ಕೆ ಅದೇ ಕಾರಣ. ಕವರ್ ಬದಲು ತಳಕ್ಕೆ ಹಳೆಯ ಪತ್ರಿಕೆಯ ಎರಡು ಹಾಳೆ ಹಾಸಿ. ಸಾರು, ಮಜ್ಜಿಗೆಯ ನೀರು ಬಸಿದ ಮೇಲೆ ಉಳಿದದ್ದನ್ನು ಡಬ್ಬಿಗೆ ಹಾಕಿ. ವಾಸನೆಗೆ ಮುಖ್ಯ ಕಾರಣ ಆ ನೀರೇ. ಡಬ್ಬಿ ಖಾಲಿಯಾದಾಗಲೆಲ್ಲ ಸೋಪಿನ ನೀರಿನಲ್ಲಿ ಉಜ್ಜಿ, ಬಿಸಿಲಿಗೆ ಬೋರಲು ಹಾಕಿ. ಎಚ್ಚರಿಕೆ: ಬ್ಲೀಚಿಂಗ್ ಪೌಡರ್ ಜೊತೆ ವಿನಿಗರ್ ಅಥವಾ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿಸಬೇಡಿ, ವಿಷಾನಿಲ ಏಳುತ್ತದೆ. ತೊಳೆದ ನೀರನ್ನು ಬಚ್ಚಲಿಗೇ ಬಿಡಿ, ರಸ್ತೆಯ ಮೋರಿಗೆ ಚೆಲ್ಲಬೇಡಿ. 'ಕಂಪೋಸ್ಟಬಲ್' ಎಂದು ಅಚ್ಚಾದ ಕವರ್‌ಗಳನ್ನೆಲ್ಲ ನಂಬಬೇಡಿ. ಅವುಗಳ ಮೇಲೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆ ಇರಬೇಕು.

ಎರಡು: ಗಾಡಿ. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಕಸದ ಶುಲ್ಕವನ್ನು ಆಸ್ತಿ ತೆರಿಗೆಯ ಜೊತೆಗೇ ವಸೂಲಿ ಮಾಡಲಾಗುತ್ತಿದೆ. ಮನೆಗಳಿಗೆ ಕಟ್ಟಡದ ಅಳತೆಯಂತೆ ತಿಂಗಳಿಗೆ 10ರಿಂದ 400 ರೂಪಾಯಿ. ಹಾಗಿರುವಾಗ ಗುತ್ತಿಗೆದಾರರ ಕಡೆಯವರು ಬಾಗಿಲಲ್ಲಿ ನಿಂತು ಕೇಳುವ 'ತಿಂಗಳ ದುಡ್ಡು' ಯಾವ ಕಾನೂನಿನಲ್ಲೂ ಇಲ್ಲ. ಆ ಸಿಟ್ಟನ್ನು ಪೌರಕಾರ್ಮಿಕರ ಮೇಲೆ ಮಾತ್ರ ತೀರಿಸಿಕೊಳ್ಳಬೇಡಿ. ಗಾಡಿ ಬರಲಿಲ್ಲವೆಂದು ರಾತ್ರಿ ರಸ್ತೆ ಮೂಲೆಗೆ ಎಸೆದರೆ, ಖಾಲಿ ನಿವೇಶನದಲ್ಲಿ ಸುಟ್ಟರೆ ತಪ್ಪು ನಿಮ್ಮದೇ ಆಗುತ್ತದೆ. ಬಾಡಿಗೆದಾರರು ಕರಾರುಪತ್ರ ಓದಿ: ಮಾಲೀಕರು ಇದೇ ಶುಲ್ಕವನ್ನು ನಿರ್ವಹಣಾ ವೆಚ್ಚದಲ್ಲಿ ಸೇರಿಸಿ, ಬೇರೆಯಾಗಿಯೂ ಕೇಳುವುದುಂಟು.

ಮೂರು: ದಂಡ. ಕೇಳಿದವರ ಗುರುತಿನ ಚೀಟಿ ನೋಡಿ. ಯಾವ ತಪ್ಪಿಗೆ, ಯಾವ ನಿಯಮದಡಿ ಎಂದು ಕೇಳಿ. ತಪ್ಪು ನಿಮ್ಮದಾದರೆ ಕಟ್ಟಿಬಿಡಿ, ಜಗಳಕ್ಕಿಳಿಯಬೇಡಿ. ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂಬ ದೂರು ಮೈಮೇಲೆ ಬಂದೀತು. ಆದರೆ ಸಂಖ್ಯೆ ಇರುವ ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. "ರಸೀದಿ ಬೇಡ ಅಂದ್ರೆ ಅರ್ಧಕ್ಕೆ ಮುಗಿಸ್ತೀನಿ" ಎಂದರೆ ಅದು ಲಂಚ.

ನಾಲ್ಕು: ದೂರು. ಫೋನಿನಲ್ಲಿ ಕೊಟ್ಟದ್ದನ್ನು 'ಪರಿಹರಿಸಲಾಗಿದೆ' ಎಂದು ಮುಚ್ಚಿಬಿಡುವುದು ನಾನು ಪದೇ ಪದೇ ಕಂಡ ಚಾಳಿ. ಆದ್ದರಿಂದ ಬರೆದು ಕೊಡಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ, ಲಿಖಿತ ಹಿಂಬರಹ ಕೇಳಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಬದಲು ಐದು ಪಾಲಿಕೆಗಳಿವೆ. ನಿಮ್ಮ ಪಾಲಿಕೆಯ ಹೆಸರು ತಪ್ಪಿದರೆ ಅರ್ಜಿಯನ್ನು ಅಲ್ಲಿಂದಿಲ್ಲಿಗೆ ಅಲೆಸುತ್ತಾರೆ. ಉತ್ತರ ಬಾರದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿ, 30 ದಿನದೊಳಗೆ ಉತ್ತರಿಸಬೇಕು. ಇದಕ್ಕೆ ಕಚೇರಿಯ ಹೊರಗಿನ ಮಧ್ಯವರ್ತಿ ಬೇಡ. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ನೀವೇ ಬರೆಯಬಹುದು.

ಅದಕ್ಕೂ ಜಗ್ಗದಿದ್ದರೆ ಖಾಯಂ ಲೋಕ ಅದಾಲತ್ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ನೈರ್ಮಲ್ಯವೂ ಸಾರ್ವಜನಿಕ ಉಪಯುಕ್ತ ಸೇವೆ, ಆದ್ದರಿಂದ ಕಸದ ದೂರನ್ನೂ ಅಲ್ಲಿಗೆ ಒಯ್ಯಬಹುದು. ಕೋರ್ಟ್ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಅದೇ ವಿಷಯಕ್ಕೆ ಮೊದಲೇ ಕೋರ್ಟಿಗೆ ಹೋಗಿದ್ದರೆ ಈ ಬಾಗಿಲು ಮುಚ್ಚುತ್ತದೆ.

"ಹಣವಿಲ್ಲ, ಸಿಬ್ಬಂದಿಯಿಲ್ಲ" ಎನ್ನುವ ಅಧಿಕಾರಿಗೆ ರತ್ಲಾಮ್ ಪ್ರಕರಣ ನೆನಪಿಸಿ. ಮಧ್ಯಪ್ರದೇಶದ ಆ ಊರಿನ ಒಂದು ವಾರ್ಡಿನ ಜನ ಚರಂಡಿಯ ದುರ್ನಾತ ತಾಳಲಾರದೆ ಮ್ಯಾಜಿಸ್ಟ್ರೇಟರ ಮೊರೆಹೋಗಿದ್ದರು. ಹಣವಿಲ್ಲವೆಂಬ ನೆಪ ಹೇಳಿ ಪುರಸಭೆ ತನ್ನ ಕರ್ತವ್ಯದಿಂದ ಜಾರುವಂತಿಲ್ಲ ಎಂದು 1980ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಆ ತಾಯಿ ಕೊಟ್ಟ ಹಣವನ್ನು ವಾಪಸ್ ಕೊಡಿಸಲು ನನ್ನಿಂದ ಆಗಲಿಲ್ಲ. ಕೊಟ್ಟದ್ದಕ್ಕೆ ಅವರ ಬಳಿ ಒಂದು ಚೀಟಿಯೂ ಇರಲಿಲ್ಲ. ನೀವು ಇವತ್ತೇ ಡಬ್ಬಿಯ ಕವರ್ ತೆಗೆಯಿರಿ. ನಾಳೆಯಿಂದ ಪ್ರತಿ ರಸೀದಿಯನ್ನೂ ಒಂದು ಫೈಲಿನಲ್ಲಿ ಎತ್ತಿಡಿ.